ಜನವರಿ ಒಂದರ ಹೆಸರುಗಳು

ನನ್ನ ಧ್ವನಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆಯವರು ಹೇಳುವಾಗ ಕಡಿಮೆ ಮಾಡಿ ಹೇಳುತ್ತಾರೆ, ಹಾಗಾಗಿ ಆ ಭಾರ ನನ್ನ ಮೇಲೆಯೇ ಬಿದ್ದಿದೆ. ಕ್ಲೋವಿಸ್ ಪಿಶೋನ್ ಎಂಬ ನಾನು ಬೆಳಿಗ್ಗೆ ಮೈಕಿನ ಮುಂದೆ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ನದಿಯಾಚೆ ಅಲ್ಜಿಯರ್ಸ್ ಪೇಟೆಯ ಹುಂಜಗಳು ತಮ್ಮ ಕೆಲಸ ಬೇರೆಯವರು ಮಾಡಿದರೆಂದು ಮತ್ತೆ ಮಲಗುತ್ತವೆ. ಹವಾನಾದಲ್ಲಿ ಒಬ್ಬ ಮುದುಕ ನನ್ನ ಮಾತು ಕೇಳದೆ ಹಲ್ಲುಜ್ಜುವುದಿಲ್ಲವಂತೆ. ನಮ್ಮ ಪ್ರಸಾರ ಸರೋವರದ ಸೇತುವೆಯನ್ನೂ ದಾಟುವುದಿಲ್ಲ ಎಂದು ನಮ್ಮ ಮ್ಯಾನೇಜರ್ ಲುವೆಲ್ಲಾ ವಾದಿಸುತ್ತಾಳೆ. ಅವಳಿಗೆ ಯಂತ್ರದ ಶಕ್ತಿ ಗೊತ್ತು, ಮುದುಕ ಗೊತ್ತಿಲ್ಲ.

ನಮ್ಮದು ನ್ಯೂ ಆರ್ಲಿಯನ್ಸಿನ ಜಾಝ್ ರೇಡಿಯೋ, ಕೇಳುಗರೇ ಸಾಕುವ ಸ್ಟೇಷನ್ನು. ಸರ್ಕಾರದ ಹಂಗಿಲ್ಲ, ಸೋಪಿನ ಜಾಹೀರಾತಿಲ್ಲ. ಸಾಕುತ್ತಾರೆ ಎಂದರೆ ಅತ್ತೆ ಸೊಸೆಯನ್ನು ಸಾಕಿದ ಹಾಗೆ. ಅನ್ನ ಹಾಕುತ್ತಾರೆ, ಕೂತರೆ ಯಾಕೆ ಕೂತೆ, ನಿಂತರೆ ಯಾಕೆ ನಿಂತೆ. ಸೇಂಟ್ ಬರ್ನಾರ್ಡ್ ಅವೆನ್ಯೂದಲ್ಲಿ ಮುಚ್ಚಿಹೋದ ಹಾಸಿಗೆ ಅಂಗಡಿಯೊಂದರ ಮೇಲೆ ನಮ್ಮ ಸ್ಟುಡಿಯೋ. ಒಂದು ಹಾಡನ್ನು ಅರ್ಧಕ್ಕೆ ನಿಲ್ಲಿಸಿದರೆ ಕೆಳಗಿನಿಂದ ಯಾರಾದರೂ ಮೆಟ್ಟಿಲು ಹತ್ತಿ ಬಂದು, ಕಂದಾ, ನಿನಗೆ ಮೈಗೆ ಹುಷಾರಿಲ್ಲವಾ ಎಂದು ಕೇಳಿ ಹೋಗುತ್ತಾರೆ. ಈ ಊರಿನಲ್ಲಿ ಎಂಬತ್ತರ ಮುದುಕನೂ ಕಂದನೇ.

ಜನವರಿ ಒಂದರ ಮಧ್ಯಾಹ್ನ ನಮ್ಮಲ್ಲಿ ಹೆಸರು ಕೂಗುವ ಕಾರ್ಯಕ್ರಮ. ಹಿಂದಿನ ವರ್ಷ ತೀರಿಕೊಂಡ ಊರಿನ ವಾದ್ಯಗಾರರ ಹೆಸರನ್ನು, ಅವರು ಹೋದ ಸರದಿಯಲ್ಲಿಯೇ, ನಾನು ಒಂದೊಂದಾಗಿ ಕೂಗುತ್ತೇನೆ. ಚೀಟಿ ಬೇಕಾಗಿಲ್ಲ, ನನ್ನ ತಲೆಯಲ್ಲಿ ಊರಿನ ಇನ್ನೂರು ವರ್ಷದ ಸತ್ತವರು ಸಾಲಾಗಿ ಕೂತಿದ್ದಾರೆ. ಪ್ರತಿ ಹೆಸರಿಗೂ ಸ್ಟುಡಿಯೋದಲ್ಲೇ ನಿಂತ ಬ್ಯಾಂಡು ಶೋಕದ ಒಂದು ಮಟ್ಟು ನುಡಿಸುತ್ತದೆ, ಹೆಣದ ಹಿಂದೆ ನಡೆಯುವ ಆ ನಿಧಾನದ ಹೆಜ್ಜೆಯಲ್ಲಿ. ಕೊನೆಯ ಹೆಸರಾದ ಮೇಲೆ ಬ್ಯಾಂಡು ಬೀದಿಗಿಳಿಯುತ್ತದೆ, ಅಲ್ಲಿಂದಾಚೆ ಕುಣಿತ. ಸತ್ತವರನ್ನು ಬಿಟ್ಟುಕೊಟ್ಟಾಯಿತು, ಇನ್ನು ಬದುಕಿದವರ ವರ್ಷ.

ನಗರಸಭೆ ಕೊಡುವ ಮರಣಪತ್ರ ನಮ್ಮ ಕಡೆ ಮೀನು ಕಟ್ಟಲು ಲಾಯಕ್ಕು. ವಾದ್ಯಗಾರ ನಿಜವಾಗಿ ಸಾಯುವುದು ರೇಡಿಯೋದಲ್ಲಿ ಹೆಸರು ಕೂಗಿದಾಗ. ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಪುಣ್ಯಾತ್ಮ ಒಂದು ವರ್ಷ ಯಾರದೋ ತಪ್ಪು ಸುದ್ದಿ ನಂಬಿ ಫ್ಲೋರೆಸ್ಟನ್ ಎಂಬ ಪಿಯಾನೋದವನ ಹೆಸರು ಕೂಗಿಬಿಟ್ಟಿದ್ದ. ಫ್ಲೋರೆಸ್ಟನ್ ಆಗ ಬ್ಯಾಟನ್ ರೂಜಿನಲ್ಲಿ ತಂಗಿಯ ಮನೆಯಲ್ಲಿ ಕೂತು ಏಡಿ ಒಡೆಯುತ್ತಿದ್ದ. ಓಡೋಡಿ ಬಂದು ಊರೆಲ್ಲ ಸುತ್ತಿ ತಾನು ಬದುಕಿದ್ದೇನೆಂದು ಮೈ ಮುಟ್ಟಿಸಿ ತೋರಿಸಿದ. ಎಲ್ಲರೂ ತಬ್ಬಿಕೊಂಡರು, ಯಾರೂ ಕಾರ್ಯಕ್ರಮಕ್ಕೆ ಕರೆಯಲಿಲ್ಲ. ಸತ್ತವನ ಪಕ್ಕ ನಿಂತು ಬಾಸ್ ತಂತಿ ಮೀಟಲು ಯಾರಿಗೆ ಧೈರ್ಯ. ಕೊನೆಗೆ ಅವನು ಮೊಬೀಲ್ ಊರಿಗೆ ಹೋಗಿ ಚರ್ಚಿನಲ್ಲಿ ಆರ್ಗನ್ ನುಡಿಸಿಕೊಂಡು ಬದುಕಿದ. ಒಮ್ಮೆ ಕೂಗಿದ ಹೆಸರನ್ನು ವಾಪಸ್ಸು ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ.

ಈಗ ನುಮಾ ಲಾಬೋರ್ಡ್‌ನ ವಿಷಯ.

ನುಮಾ ಟ್ರೊಂಬೋನ್ ಎಂಬ ಹಿತ್ತಾಳೆಯ ಉದ್ದ ಕಹಳೆ ಊದುತ್ತಿದ್ದ. ಊದುತ್ತಿದ್ದ ಎಂದರೆ ಸಾಲದು. ಅವನು ಜಾರುಕೊಳವೆಯನ್ನು ಪೂರ್ತಿ ಚಾಚಿದರೆ ಮುಂದಿನ ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸಿನ ಟೋಪಿ ಹಾರುತ್ತಿತ್ತು, ವಾಪಸ್ಸು ಎಳೆದರೆ ಟೋಪಿಯ ಜೊತೆ ಹೆಂಗಸೂ ಬರುತ್ತಿದ್ದಳು. ಆಗಸ್ಟಿನ ಒಂದು ಸಂಜೆ ಮದುವೆಯೊಂದಕ್ಕೆ ನುಡಿಸಲು ಅಲ್ಜಿಯರ್ಸಿನಿಂದ ದೋಣಿ ಹತ್ತಿದ. ದೋಣಿ ಈ ದಡ ಮುಟ್ಟಿತು, ಜನ ಇಳಿದರು, ಬೆಂಚಿನ ಮೇಲೆ ಟ್ರೊಂಬೋನಿನ ಪೆಟ್ಟಿಗೆ ಮಾತ್ರ ಇತ್ತು. ನುಮಾ ಇರಲಿಲ್ಲ. ನದಿಯಲ್ಲಿ ಹುಡುಕಿದರು, ಕೆಳಗಿನ ತಿರುವುಗಳಲ್ಲಿ ಬಲೆ ಹಾಕಿದರು. ಮಿಸ್ಸಿಸಿಪ್ಪಿ ಆನೆಯನ್ನು ನುಂಗಿದರೂ ತೇಗುವುದಿಲ್ಲ. ಬಿದ್ದ, ಮುಳುಗಿದ, ಕಡಲಿಗೆ ಹೋದ ಎಂದು ಊರು ತೀರ್ಮಾನಿಸಿತು.

ಅವನಣ್ಣ ಸೆಪ್ಟೀಮ್ ಹೆಸರು ಕೂಗುವಾಗ ನುಡಿಸುವ ಆ ಬ್ಯಾಂಡಿನ ಯಜಮಾನ, ದೊಡ್ಡ ಡ್ರಮ್ಮು ಬಾರಿಸುವವನು. ಅವನು ಡ್ರಮ್ಮು ಹೊತ್ತು ನಡೆಯುವಾಗ ಯಾರು ಯಾರನ್ನು ಹೊತ್ತಿದ್ದಾರೆ ಎಂದು ಮೊದಲ ನೋಟಕ್ಕೆ ಗೊತ್ತಾಗುವುದಿಲ್ಲ. ಕ್ರಿಸ್ಮಸ್ಸಿನ ಮಾರನೆಯ ದಿನ ಕ್ಷೌರದಂಗಡಿಯಲ್ಲಿ, ನನ್ನ ಗಂಟಲ ಮೇಲೆ ಕತ್ತಿ ಇದ್ದಾಗಲೇ, ಅವನು ಬಂದು ಎದುರಿಗೆ ನಿಂತ. ತಮ್ಮನಿಗೆ ಗೋರಿಯಿಲ್ಲ, ಪಾದ್ರಿ ಬಂದಿಲ್ಲ, ಬ್ಯಾಂಡು ಹಿಂದೆ ನಡೆದಿಲ್ಲ. ಜನವರಿ ಒಂದರಂದು ಅವನ ಹೆಸರು ಕೂಗಬೇಕು, ಇಲ್ಲದಿದ್ದರೆ ತನ್ನ ಬ್ಯಾಂಡು ಸ್ಟೇಷನ್ನಿನ ಮೆಟ್ಟಿಲು ಹತ್ತುವುದಿಲ್ಲ, ಹತ್ತಿದ್ದರೆ ಅಲ್ಲಿಂದಲೇ ಇಳಿಯುತ್ತದೆ ಎಂದ. ಕತ್ತಿಯ ಕೆಳಗಿರುವವನು ತಲೆಯಾಡಿಸಬಾರದು, ಆದ್ದರಿಂದ ನಾನು ಬಾಯಲ್ಲೇ ಆಗಲಿ ಎಂದೆ.

ಮರುದಿನ ನುಮಾನ ಹೆಂಡತಿ ವರ್ಡೆಲ್ ನನ್ನ ಮನೆಯ ಜಗಲಿಗೆ ಬಂದಳು. ವರ್ಡೆಲ್ ಶಾಲೆಯೊಂದರ ಅಡುಗೆಮನೆ ನಡೆಸುತ್ತಾಳೆ. ನಾನೂರು ಮಕ್ಕಳು ಅವಳ ಒಂದು ಹುಬ್ಬಿಗೆ ಹೆದರಿ ಬಟಾಣಿ ತಿನ್ನುತ್ತಾರೆ. ನಮ್ಮ ಸ್ಟೇಷನ್ನನ್ನು ಅವಳಷ್ಟು ಕಟ್ಟುನಿಟ್ಟಾಗಿ ಕೇಳುವವರು ಇನ್ನೊಬ್ಬರಿಲ್ಲ. ನಾನು ಯಾವುದೋ ಸ್ಯಾಕ್ಸೊಫೋನಿನವನ ಊರು ತಪ್ಪು ಹೇಳಿದರೆ ವಾಕ್ಯ ಮುಗಿಯುವ ಮೊದಲೇ ಫೋನು ಬಡಿದುಕೊಳ್ಳುತ್ತದೆ. ಹೊಸ ವರ್ಷದ ದಿನ ಇಡೀ ಸ್ಟೇಷನ್ನಿಗೆ ಅಲಸಂದೆ ಕಾಳೂ ಎಲೆಕೋಸೂ ಅವಳ ಮನೆಯದೇ. ಅದನ್ನು ತಿನ್ನದವನಿಗೆ ಆ ವರ್ಷ ಅದೃಷ್ಟವಿಲ್ಲ. ಅವಳು ಕೂರಲೂ ಇಲ್ಲ.

"ನುಮಾನ ಹೆಸರು ನಿನ್ನ ಬಾಯಿಂದ ಬರಬಾರ್ದು ಕ್ಲೋವಿಸ್."

ಯಾಕೆ ಎಂದು ಕೇಳಿದೆ. ನಿನ್ನ ಮಂಡಿನೋವು ಹೇಗಿದೆ ಎಂದು ಕೇಳಿದಳು. ನಾನು ಅವಳಿಗೂ ಆಗಲಿ ಎಂದೆ. ಇದನ್ನು ಕೆಲವರು ಹೇಡಿತನ ಎನ್ನುತ್ತಾರೆ, ರೇಡಿಯೋದಲ್ಲಿ ಇದಕ್ಕೆ ಹೊತ್ತು ತುಂಬಿಸುವುದು ಎನ್ನುತ್ತಾರೆ. ಅದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ತೊಟ್ಟಿಲಲ್ಲಿಯೂ ಇಲ್ಲ.

ಆ ವಾರ ಊರು ಎರಡು ಭಾಗವಾಯಿತು. ಸ್ಟೇಷನ್ನಿನ ಫೋನು ಬಿಸಿಯಾಗಿ ಕೈ ಸುಡುತ್ತಿತ್ತು. ಜೆಂಟಿಲಿ ಬಡಾವಣೆಯ ಒಬ್ಬ ಅಜ್ಜಿ ದಿನಾ ಫೋನು ಮಾಡಿ, ಗಂಡನನ್ನು ನೆಲಕ್ಕೂ ಕೊಡದೆ ನೀರಿಗೂ ಕೊಡದೆ ಇಟ್ಟುಕೊಳ್ಳುವುದು ಪಾಪ, ಕೂಗಿಬಿಡಿ ಎನ್ನುತ್ತಿದ್ದಳು. ಕಸಾಯಿ ಅಂಗಡಿಯವನು, ಹೆಂಡತಿಯ ಮಾತಿನ ಮೇಲೆ ಅಣ್ಣನ ಮಾತೇನು, ಕೂಗಬೇಡಿ ಎನ್ನುತ್ತಿದ್ದ. ನುಮಾ ಸತ್ತಿದ್ದಾನೆ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ದುಃಖ ತಾಳದೆ ವರ್ಡೆಲ್ ಒಪ್ಪುತ್ತಿಲ್ಲ ಪಾಪ ಎಂದೇ ಎಲ್ಲರೂ ತಿಳಿದಿದ್ದರು. ಲುವೆಲ್ಲಾಳ ಬಳಿ ಹೋಗಿ, ಮ್ಯಾನೇಜರ್ ನೀನು, ನೀನೇ ತೀರ್ಮಾನಿಸು ಎಂದು ಬೇಡಿಕೊಂಡೆ. ಇಬ್ಬರಿಗೂ ಮಾತು ಕೊಟ್ಟ ನಾಲಿಗೆ ಯಾರದೋ ಅವರೇ ನುಂಗಲಿ ಎಂದು ಬಾಗಿಲು ಹಾಕಿಕೊಂಡಳು. ಬಾಗಿಲ ಒಳಗಿನಿಂದ ಇನ್ನೊಂದು ಮಾತು ಸೇರಿಸಿದಳು: ಬ್ಯಾಂಡು ನಡುವೆ ಎದ್ದುಹೋದರೆ ಉಳಿದ ಸತ್ತವರ ಮನೆಯವರಿಗೆ ಏನು ಹೇಳುತ್ತೀಯೋ ಅದನ್ನೂ ಯೋಚಿಸಿಟ್ಟುಕೋ.

ಜನವರಿ ಒಂದು ಬಂತು. ಹಿಂದಿನ ರಾತ್ರಿ ಊರಿನ ಹುಚ್ಚರು ಆಕಾಶಕ್ಕೆ ಹಾರಿಸಿದ ಗುಂಡುಗಳನ್ನು ನಾನು ಹೊರಗಿನ ಏಣಿ ಹತ್ತಿ ಸ್ಟೇಷನ್ನಿನ ತಾರಸಿಯಿಂದ ಬಕೆಟ್ಟಿನಲ್ಲಿ ತುಂಬಿ ಇಳಿಸಿದೆ. ವರ್ಷದ ಮೊದಲ ದಿನ ಹೊಸಲು ಮೊದಲು ದಾಟುವವನು ಗಂಡಸಾಗಿರಬೇಕು, ಇಲ್ಲದಿದ್ದರೆ ಆ ಮನೆಗೆ ಕೇಡು ಎಂಬುದು ನಮ್ಮವರ ನಂಬಿಕೆ. ಲುವೆಲ್ಲಾ ಬೀಗ ತೆಗೆದು, ನನ್ನನ್ನು ಒಳಗೆ ತಳ್ಳಿ, ಆಮೇಲೆ ಕಾಲಿಟ್ಟಳು. ಬ್ಯಾಂಡು ಬಂತು. ಸೆಪ್ಟೀಮ್ ನನ್ನ ಕಡೆ ನೋಡಿ ಒಂದೇ ಸಲ ತಲೆಯಾಡಿಸಿ ಮೂಲೆಯಲ್ಲಿ ಡ್ರಮ್ಮು ಇಳಿಸಿದ. ಸಣ್ಣ ಡ್ರಮ್ಮಿನವನು ಅದರ ಅಡಿಯ ಚರ್ಮದ ಮೇಲೆ ಬಿಗಿದ ತಂತಿಗಳ ಕೆಳಗೆ ಕರವಸ್ತ್ರ ತುರುಕಿ ಅದರ ಗಂಟಲು ಕಟ್ಟಿದ. ಟ್ರೊಂಬೋನಿನ ಜಾಗವನ್ನು ಅವರು ಖಾಲಿ ಬಿಟ್ಟು ನಿಂತರು, ಹಲ್ಲು ಬಿದ್ದ ಬಾಯಿಯ ಹಾಗೆ.

ಪ್ರತಿ ವರ್ಷ ಅಲಸಂದೆಯ ಪಾತ್ರೆಯನ್ನು ವರ್ಡೆಲ್ ಯಾರ ಕೈಲಾದರೂ ಕಳಿಸಿ, ಮನೆಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದಳು. ಈ ಸಲ ತಾನೇ ಹೊತ್ತು ತಂದಳು. ಪಾತ್ರೆಯನ್ನು ಹೊರಗಿನ ಮೇಜಿನ ಮೇಲಿಟ್ಟು, ಕೋಟು ಬಿಚ್ಚದೆ, ಸ್ಟುಡಿಯೋದ ಒಳಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತಳು. ಅವಳಿಗೂ ನನಗೂ ನಡುವೆ ಒಂದು ಮೈಕು. ಅವಳ ಬೆನ್ನ ಹಿಂದೆ ಸೆಪ್ಟೀಮ್. ಗಂಡನ ಅಣ್ಣನೂ ತಮ್ಮನ ಹೆಂಡತಿಯೂ ಆದ ಆ ಇಬ್ಬರು ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ. ನಾನು ಅಡಕತ್ತರಿಯ ಎರಡು ಅಲಗುಗಳ ನಡುವೆ ಕೂತು ಕೆಂಪು ದೀಪ ಹತ್ತುವುದನ್ನು ನೋಡಿದೆ.

ಶುರು ಮಾಡಿದೆ. ಜನವರಿಯಲ್ಲಿ ಹೋದ ಬ್ಯಾಂಜೋದ ಟಿಯೋಫೀಲ್, ಮಾರ್ಚಿನಲ್ಲಿ ಹೋದ, ಕಾರ್ನೆಟ್ ಎಂಬ ಗಿಡ್ಡ ತುತ್ತೂರಿ ಊದುವ ಅವಳಿ ಅಣ್ಣತಮ್ಮಂದಿರಲ್ಲಿ ಒಬ್ಬ. ಒಂದೊಂದು ಹೆಸರಿಗೂ ಸೆಪ್ಟೀಮ್ ದೊಡ್ಡ ಡ್ರಮ್ಮಿಗೆ ಒಂದು ಪೆಟ್ಟು ಕೊಡುತ್ತಾನೆ, ಅದಾದ ಮೇಲೆಯೇ ಉಳಿದ ವಾದ್ಯಗಳು ಬಾಯಿ ತೆರೆಯುವುದು. ಆ ಪೆಟ್ಟಿಗೆ ಕಿಟಕಿಯ ಗಾಜು, ನನ್ನ ಪಕ್ಕೆಲುಬು, ಕೆಳಗಿನ ಬೀದಿಯಲ್ಲಿ ಸೇರಿದ್ದ ಜನರ ಕೈಯ ಲೋಟ, ಎಲ್ಲವೂ ಒಟ್ಟಿಗೆ ನಡುಗುತ್ತಿದ್ದವು. ವರ್ಡೆಲ್ ನಡುಗಲಿಲ್ಲ. ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು, ಹಾಲು ಉಕ್ಕುತ್ತದೋ ಎಂದು ಒಲೆಯ ಮುಂದೆ ನಿಂತವಳ ಹಾಗೆ.

ಸರದಿ ಎಲ್ಲರಿಗೂ ಗೊತ್ತು. ಜುಲೈಯಲ್ಲಿ ಕ್ಲಾರಿನೆಟ್ಟಿನ ವಿಲ್ಮೋರ್. ಸೆಪ್ಟೆಂಬರಿನಲ್ಲಿ ಪಿಯಾನೋದ ಮಿಸ್ ಒಡಾಲೀ. ಇವರಿಬ್ಬರ ನಡುವೆ ಆಗಸ್ಟು.

ವಿಲ್ಮೋರನ ಹೆಸರಿಗೆ ಬಂದಾಗ ನಾನು ನನ್ನ ಜೀವಮಾನದ ಸಾಧನೆ ಮಾಡಿದೆ. ಆ ಮನುಷ್ಯನ ಬಗ್ಗೆ ಹೇಳಲು ಇದ್ದದ್ದು ಎರಡು ಮಾತು, ಒಂದು ಅವನು ಕ್ಲಾರಿನೆಟ್ ನುಡಿಸುತ್ತಿದ್ದ, ಎರಡು ಅವನು ಸಾಲ ಕೇಳುತ್ತಿರಲಿಲ್ಲ. ಅದನ್ನೇ ಹಿಂಜಿ ಹಿಂಜಿ ಹಾಸಿಗೆ ಮಾಡಿದೆ. ಅವನು ಒಮ್ಮೆ ಎಷ್ಟು ಎತ್ತರದ ಸ್ವರ ಹಿಡಿದನೆಂದರೆ ಮೂರು ವಾರ್ಡಿನ ನಾಯಿಗಳು ಬಂದು ಕಾಲ ಬಳಿ ಮಲಗಿದವು ಎಂದೆ. ಪೋಪರ ಎದುರು ನುಡಿಸಿದ ಎಂದೆ. ಯಾವ ಪೋಪ್ ಎಂದು ಹೇಳುವ ಕಷ್ಟ ತೆಗೆದುಕೊಳ್ಳಲಿಲ್ಲ. ಗಾಜಿನಾಚೆ ನಿಂತ ಲುವೆಲ್ಲಾ ಕುತ್ತಿಗೆಯ ಮೇಲೆ ಕೈಯಾಡಿಸಿ ಸಾಕು ಎಂದು ಸನ್ನೆ ಮಾಡಿದಳು. ಫೋನಿನ ದೀಪಗಳು ಮಿನುಗತೊಡಗಿದವು. ವಿಲ್ಮೋರನ ಸ್ವಂತ ಮಗಳೇ ಫೋನು ಮಾಡಿ, ನಮ್ಮಪ್ಪ ಇಷ್ಟೆಲ್ಲ ಯಾವಾಗ ಮಾಡಿದ್ದು ಎಂದು ಕೇಳಿದಳಂತೆ.

ಬ್ಯಾಂಡು ವಿಲ್ಮೋರನಿಗೆ ನುಡಿಸಿ ಮುಗಿಸಿತು. ಸೆಪ್ಟೀಮ್ ಕೋಲನ್ನು ಮೇಲೆತ್ತಿ ಹಿಡಿದು ನಿಂತ, ಮುಂದಿನ ಹೆಸರಿಗೆ.

ನಾನು ಮೈಕು ಮುಚ್ಚಿ, ಕೈಗೆ ಸಿಕ್ಕ ರೆಕಾರ್ಡುಗಳಲ್ಲಿ ಅತಿ ಉದ್ದದ್ದನ್ನು, ಒಂದು ಮಗ್ಗುಲು ಪೂರ್ತಿ ಒಂದೇ ರಾಗ ಇರುವಂಥದ್ದನ್ನು, ತಿರುಗುವ ತಟ್ಟೆಯ ಮೇಲಿಟ್ಟೆ. ಹೆಸರು ಕೂಗುವ ಕಾರ್ಯಕ್ರಮದ ನಡುವೆ ರೆಕಾರ್ಡು ಹಾಕಿದವನು ಈ ಸ್ಟೇಷನ್ನಿನ ಚರಿತ್ರೆಯಲ್ಲಿ ನಾನೊಬ್ಬನೇ. ಪ್ರಸಾರದಲ್ಲಿ ಯಾರೋ ಸತ್ತುಹೋದ ಮಹಾನುಭಾವ ಸ್ಯಾಕ್ಸೊಫೋನ್ ನುಡಿಸುತ್ತಿದ್ದ. ಸ್ಟುಡಿಯೋದ ಒಳಗೆ ಒಬ್ಬರೂ ಉಸಿರಾಡುತ್ತಿರಲಿಲ್ಲ.

ಸೆಪ್ಟೀಮ್ ಡ್ರಮ್ಮನ್ನು ಬಿಟ್ಟು ಮೇಜಿನ ಬಳಿಗೆ ಬಂದ.

"ಎಷ್ಟು ಹೊತ್ತು ಓಡ್ತೀಯ ಕ್ಲೋವಿಸ್? ಆ ತಟ್ಟೆ ಎಷ್ಟು ಸುತ್ತಿದ್ರೂ ಕೊನೆಗೆ ನಿಲ್ಲೋದು ಇಲ್ಲೇನೆ."

ಮಂಡಿನೋವು ಎಂದೆ. ಅದು ಯಾಕೆ ಬಾಯಿಗೆ ಬಂತೋ. ಅವನು ನನ್ನನ್ನು ಬಿಟ್ಟು, ಆಗಸ್ಟಿನ ನಂತರ ಮೊದಲ ಸಲ ಇರಬೇಕು, ತಮ್ಮನ ಹೆಂಡತಿಯ ಕಡೆ ತಿರುಗಿದ. ಅವನ ದನಿ ಇಳಿದಿತ್ತು. ಬ್ಯಾಂಡಿನ ಜನರೆಲ್ಲ ನುಮಾ ಇಲ್ಲದೆ ಹೇಗೆ ನಿಂತಿದ್ದಾರೆ ನೋಡು ಎಂದ. ಬದಲಿಗೆ ಯಾರನ್ನೂ ತೆಗೆದುಕೊಳ್ಳುವ ಹಾಗಿಲ್ಲ, ಅವನನ್ನು ಬಿಟ್ಟುಕೊಡುವ ಹಾಗೂ ಇಲ್ಲ ಎಂದ. ತಾಯಿ ಇದ್ದಿದ್ದರೆ ಈ ದಿನ ಮೊದಲು ಬಂದು ಕೂರುತ್ತಿದ್ದಳು ಎಂದ.

"ಅವನಿಗೆ ಗೋರಿ ಕೊಡೋಕಾಗ್ಲಿಲ್ಲ ನಮಗೆ. ಇದೊಂದಾದ್ರೂ ಕೊಡೋಣ ವರ್ಡೆಲ್."

"ಬೇಡ," ಎಂದಳು ವರ್ಡೆಲ್.

"ಯಾಕೆ ಬೇಡ, ಅದನ್ನಾದ್ರೂ ಹೇಳು."

ಅವಳು ಕೋಟಿನ ಗುಂಡಿಯೊಂದನ್ನು ಬಿಚ್ಚಿ ಮತ್ತೆ ಹಾಕಿಕೊಂಡಳು. ಸೆಪ್ಟೀಮ್ ನನ್ನ ಕಡೆ ತಿರುಗಿ, ಈ ರಾಗ ಮುಗಿದ ತಕ್ಷಣ ನುಮಾನ ಹೆಸರು ಬರದಿದ್ದರೆ ಮಿಸ್ ಒಡಾಲೀಗೂ ಅವಳ ನಂತರದವರಿಗೂ ನೀನೇ ಬಾಯಲ್ಲಿ ಪೀಪಿ ಊದು ಎಂದು ಹೇಳಿ, ಹೋಗಿ ಡ್ರಮ್ಮಿನ ಪಟ್ಟಿಯನ್ನು ಹೆಗಲಿಗೇರಿಸಿದ. ಅವನ ಜನ ವಾದ್ಯಗಳನ್ನು ಎದೆಗೆ ಹಿಡಿದರು. ಅದು ನುಡಿಸಲೋ ಹೊರಡಲೋ, ನೋಡಿದರೆ ಒಂದೇ ಥರ ಕಾಣುತ್ತಿತ್ತು. ಗಾಜಿನಾಚೆ ಲುವೆಲ್ಲಾ ಕೈಯಲ್ಲಿ ಎರಡು ಫೋನು ಹಿಡಿದು ಎರಡಕ್ಕೂ ಕಿವಿ ಕೊಡದೆ ನಮ್ಮನ್ನೇ ನೋಡುತ್ತಿದ್ದಳು.

ಜಗತ್ತಿನ ಅತಿ ಉದ್ದದ ರೆಕಾರ್ಡೂ ಮುಗಿಯುತ್ತದೆ. ಸೂಜಿ ಒಳಗಿನ ಗೆರೆಗೆ ಜಾರಿ ಸರ್ ಸರ್ ಎನ್ನತೊಡಗಿತು. ಊರಿನ ಅಷ್ಟೂ ಅಡುಗೆಮನೆಗಳಲ್ಲಿ ಆ ಸದ್ದು ಕೇಳುತ್ತಿದೆ ಎಂದು ನನಗೆ ಗೊತ್ತು. ರೇಡಿಯೋದಲ್ಲಿ ಮೌನವೆಂದರೆ ಮನೆಗೆ ಬೆಂಕಿ ಬಿದ್ದ ಹಾಗೆ. ಏನನ್ನಾದರೂ ಎತ್ತಿ ಸುರಿಯಲೇಬೇಕು. ನಾನು ಮೈಕಿನ ಗುಂಡಿ ಒತ್ತಿದೆ. ಕೆಂಪು ದೀಪ ಹತ್ತಿತು. ಮುಂದಿನ ಹೆಸರು, ಎಂದೆ. ಅಲ್ಲಿಗೆ ನಿಂತೆ. ನಾಲಿಗೆಯ ತುದಿಯಲ್ಲಿ ಎರಡು ಹೆಸರಿದ್ದವು, ನುಮಾನದು ಮತ್ತು ಒಡಾಲೀಯದು, ಯಾವುದು ಮೊದಲು ಉದುರುತ್ತದೋ ದೇವರಾಣೆ ನನಗೇ ಗೊತ್ತಿರಲಿಲ್ಲ.

ವರ್ಡೆಲ್ ಕೈ ಚಾಚಿ ಮೈಕಿನ ಕತ್ತು ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ನಾನು ಬಿಟ್ಟೆ. ಸೆಪ್ಟೀಮನ ಭುಜ ಇಳಿಯಿತು; ಕೊನೆಗೂ ಒಪ್ಪಿದಳು, ತಾನೇ ಕೂಗುತ್ತಾಳೆ ಎಂದುಕೊಂಡು ಅವನು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಗ್ಗಿಸಿದ.

"ನಾನು ವರ್ಡೆಲ್ ಲಾಬೋರ್ಡ್," ಎಂದಳು, ಶಾಲೆಯ ಊಟದ ಸಾಲಿನಲ್ಲಿ ಮಾತಾಡುವ ದನಿಯಲ್ಲಿ. "ನುಮಾನ ಹೆಸರು ಇವತ್ತು ಕೂಗಲ್ಲ. ಅವನು ಸತ್ತಿಲ್ಲ. ನನ್ನನ್ನ ಬಿಟ್ಟು ಹೋಗಿದಾನೆ."

ಕಿಟಕಿಯ ಕೆಳಗೆ, ಬೀದಿಯಲ್ಲಿ ರೇಡಿಯೋ ಹಿಡಿದು ನಿಂತಿದ್ದವರ ಗಲಾಟೆ ಥಟ್ಟನೆ ನಿಂತಿತು. ಅಷ್ಟು ಜನ ಒಟ್ಟಿಗೆ ಬಾಯಿ ಮುಚ್ಚಿದ್ದನ್ನು ಈ ಊರು ಕಂಡಿದ್ದಿಲ್ಲ.

"ದೋಣಿಯಿಂದ ಆ ಪೆಟ್ಟಿಗೆ ಬಂದ ದಿನಾನೇ ನನಗೆ ಗೊತ್ತಾಯ್ತು. ತೆಗೆದು ನೋಡ್ದೆ. ಟ್ರೊಂಬೋನ್ ಇತ್ತು, ತುಟಿಗೆ ಹಿಡಿಯೋ ಮೌತ್‌ಪೀಸ್ ಇರ್ಲಿಲ್ಲ. ಸರಿ, ಊದೋರು ಅದನ್ನ ಬೆಚ್ಚಗಿರ್ಲಿ ಅಂತ ಜೇಬಲ್ಲಿ ಇಟ್ಕೋತಾರೆ, ಜೇಬಲ್ಲಿ ಇದ್ದಂಗೇ ಮುಳುಗಿದ ಅನ್ಕೊಂಡೆ. ಆದ್ರೆ ಕೊಳವೆಗೆ ಹಾಕೋ ಎಣ್ಣೆ ಸೀಸೇನೂ ಇರ್ಲಿಲ್ಲ. ಮುಳುಗೋನಿಗೆ ಎಣ್ಣೆ ಯಾಕೆ?"

ಬ್ಯಾಂಡಿನಲ್ಲಿ ಯಾರೋ ಒಬ್ಬ ಗಂಟಲಲ್ಲಿ ಸದ್ದು ಮಾಡಿದ. ಯಾರಿಗಾದರೂ ಅರ್ಥವಾಗದಿದ್ದರೆ ಹೇಳುತ್ತೇನೆ: ಎಣ್ಣೆಯಿಲ್ಲದೆ ಟ್ರೊಂಬೋನಿನ ಕೊಳವೆ ಒಂದು ದಿನವೂ ಜಾರುವುದಿಲ್ಲ, ನಾಳೆ ನುಡಿಸುವವನಿಗೆ ಮಾತ್ರ ಅದು ಬೇಕು. ಸ್ಟುಡಿಯೋದಲ್ಲಿದ್ದ ಪ್ರತಿ ಮುಖಕ್ಕೂ ಅದು ಒಂದೇ ಕ್ಷಣದಲ್ಲಿ ತಟ್ಟಿತು.

"ಟ್ರೊಂಬೋನು ಅವರಪ್ಪನದು, ಅದನ್ನ ಬಿಟ್ಟ. ತನ್ನದು ಏನಿತ್ತೋ ಅದನ್ನ ತಗೊಂಡು, ಎಲ್ಲರ ಜೊತೆ ದೋಣಿ ಇಳಿದು ನಡೆದ. ನವೆಂಬರಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಫೋನ್ ಮಾಡಿದ್ದ. ಹುಡುಕಬೇಡ ಅಂದ, ಇಟ್ಟ. ಎಲ್ಲಿದಾನೆ ಅಂತ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಆಗಸ್ಟಿಂದ ನೀವೆಲ್ಲ ನಮ್ಮನೆಗೆ ಕೇಕು ತಂದಿದೀರಿ, ಹ್ಯಾಮ್ ತಂದಿದೀರಿ. ನುಮಾ ಎಂಥಾ ಬಂಗಾರದಂಥೋನು ಅಂತ ಹೇಳಿದೀರಿ. ನಾನು ಹೂಂ ಹೂಂ ಅಂದ್ಕೊಂಡು ಕೂತಿದೀನಿ. ಸತ್ತೋನ ಮೇಲೆ ಸಿಟ್ಟು ಮಾಡ್ಕೊಳ್ಳೋ ಹಾಗಿಲ್ಲ. ಇವತ್ತು ಕ್ಲೋವಿಸ್ ಆ ಹೆಸರು ಕೂಗಿಬಿಟ್ರೆ ಸಾಯೋವರ್ಗೂ ಇಲ್ಲ. ನನಗೆ ನನ್ನ ಸಿಟ್ಟು ಬೇಕು."

ಸೆಪ್ಟೀಮ್ ತಲೆ ಎತ್ತಿದ್ದ. ಮೈಕು ತೆರೆದೇ ಇದೆ ಎಂದು ನಾನು ಸನ್ನೆ ಮಾಡಿದೆ. ಅವನು ನೋಡಲಿಲ್ಲ, ಅಥವಾ ನೋಡಿಯೂ ಲೆಕ್ಕಿಸಲಿಲ್ಲ.

"ಆ ಪೆಟ್ಟಿಗೆ ನಿನ್ನ ಮನೆಗೆ ತಂದೋನು ನಾನು," ಎಂದ.

"ಹೌದು."

"ದಾರೀಲಿ ನಾನೂ ತೆಗೆದು ನೋಡಿದ್ದೆ."

ಕಾರ್ನೆಟ್ಟಿನವನು ತನ್ನ ವಾದ್ಯವನ್ನು ಕೆಳಗಿಳಿಸಿದ. ವರ್ಡೆಲ್ ತಿರುಗಿ ನೋಡದೆ, "ಗೊತ್ತು," ಎಂದಳು. "ಪೆಟ್ಟಿಗೆ ಬಕ್ಕಲು ನೀನು ತಪ್ಪು ಕಡೆ ಹಾಕಿದ್ದೆ."

ತಾನು ಸುಮ್ಮನಿದ್ದದ್ದು ಅವಳಿಗೋಸ್ಕರ ಎಂದ ಸೆಪ್ಟೀಮ್. ಗಂಡ ಸತ್ತವಳು ಎಂದರೆ ಊರಿನ ಗಂಡಸರು ಟೋಪಿ ತೆಗೆಯುತ್ತಾರೆ, ಬೆಂಚಿನಲ್ಲಿ ಜಾಗ ಕೊಡುತ್ತಾರೆ. ಗಂಡ ಬಿಟ್ಟವಳು ಎಂದರೆ ಅದೇ ಬಾಯಿಗಳು ಏನನ್ನುತ್ತವೆ ಎಂದು ತನಗೆ ಗೊತ್ತು ಎಂದ. ಅದನ್ನು ತಪ್ಪಿಸಲೆಂದೇ ಈ ದಿನ ಹೆಸರು ಕೂಗಿಸಿ ಎಲ್ಲಕ್ಕೂ ಮಣ್ಣು ಮುಚ್ಚಬೇಕೆಂದಿದ್ದೆ ಎಂದ.

"ನನಗೋಸ್ಕರ ಜೀವಂತ ಇರೋನ ಮೇಲೆ ಮಣ್ಣು ಹಾಕಬೇಡ ಸೆಪ್ಟೀಮ್."

"ನಿನಗೋಸ್ಕರ ಮಾತ್ರ ಅಲ್ಲ." ದೊಡ್ಡ ಡ್ರಮ್ಮಿನ ಹಿಂದೆ ಆ ಬೆಟ್ಟದಂಥ ಮನುಷ್ಯ ಗಿಡ್ಡವಾಗಿ ಕಂಡ. "ಸತ್ತ ತಮ್ಮನ್ನ ಎಲ್ಲಿ ಇಟ್ಕೋಬೇಕು ಅಂತ ಗೊತ್ತು. ಹೇಳದೆ ಹೋದೋನನ್ನ ಎಲ್ಲಿ ಇಟ್ಕೊಳ್ಲಿ?"

ಅದಕ್ಕೆ ಉತ್ತರವಿದ್ದಿದ್ದರೆ ಅವಳೇ ಮೊದಲು ಬಳಸಿಕೊಳ್ಳುತ್ತಿದ್ದಳು. ಮೈಕನ್ನು ನನ್ನ ಕಡೆಗೆ ತಿರುಗಿಸಿ, "ಮುಂದಿನ ಹೆಸರು ಕೂಗು," ಎಂದಳು. "ಮಿಸ್ ಒಡಾಲೀ ಮಕ್ಕಳು ಕೆಳಗೆ ಬಿಸಿಲಲ್ಲಿ ಕಾಯ್ತಿದಾರೆ."

ನಾನು ಕೂಗಿದೆ. ಮಿಸ್ ಒಡಾಲೀ ಹ್ಯಾನಿಬಲ್. ಬರೀ ಹೆಸರು, ಪೋಪ್ ಇಲ್ಲ, ನಾಯಿ ಇಲ್ಲ. ಕೂಗಿ ಕಾದೆ. ಆ ಮೊದಲ ಪೆಟ್ಟು ಬೀಳದೆ ಯಾರೂ ಊದುವ ಹಾಗಿಲ್ಲ. ಸೆಪ್ಟೀಮನ ಕೈಯಲ್ಲಿ ಕೋಲಿತ್ತು, ಕೋಲು ಕೆಳಗೆ ತೂಗುತ್ತಿತ್ತು. ಅವನು ಪಟ್ಟಿ ಬಿಚ್ಚಿ ಬಾಗಿಲ ಕಡೆ ಹೆಜ್ಜೆಯಿಟ್ಟರೆ ತಡೆಯಲು ಅಲ್ಲಿ ಯಾರಿದ್ದರು. ಅವನು ಷರತ್ತು ಹಾಕಿದ್ದ, ನಾನು ಮುರಿದಿದ್ದೆ. ಪ್ರಸಾರದಲ್ಲಿ ಬರೀ ಗಾಳಿ. ಲುವೆಲ್ಲಾ ಗಾಜಿಗೆ ಅಂಗೈ ಒತ್ತಿ ನಿಂತಿದ್ದಳು. ಹೊತ್ತು ತುಂಬಿಸುವುದರಲ್ಲಿ ಹುಟ್ಟಾ ಪ್ರವೀಣನಾದ ನಾನು ಬಾಯಿ ತೆರೆದೆ, ವರ್ಡೆಲ್ ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. ಮುಚ್ಚಿದೆ. ಕಾದೆವು. ಆ ಮೌನದಲ್ಲಿ ನನ್ನ ಗಡ್ಡ ಅರ್ಧ ಅಂಗುಲ ಬೆಳೆಯಿತು.

ಪೆಟ್ಟು ಬಿತ್ತು. ಯಾವತ್ತಿನದಕ್ಕಿಂತ ತಡವಾಗಿ, ಯಾವತ್ತಿನದಕ್ಕಿಂತ ಮೆಲ್ಲಗೆ. ಕಾರ್ನೆಟ್ಟು ಅದರ ಹಿಂದೆ ಎದ್ದಿತು, ಕ್ಲಾರಿನೆಟ್ಟು ಅದರ ಹಿಂದೆ.

ಉಳಿದ ಹೆಸರುಗಳು ಮುಗಿದವು. ಬ್ಯಾಂಡು ಮೆಟ್ಟಿಲಿಳಿಯಿತು, ನಾನು ಉದ್ದದ ತಂತಿಯ ಮೈಕು ಹಿಡಿದು ಕಿಟಕಿಗೆ ಬಂದೆ. ಕೆಳಗೆ ಹತ್ತು ಲಕ್ಷ ಜನ. ಲುವೆಲ್ಲಾ ನೂರೈವತ್ತು ಎನ್ನುತ್ತಾಳೆ. ನಮ್ಮ ಮೆರವಣಿಗೆಗೆ ಎರಡು ಸಾಲು. ಬ್ಯಾಂಡು ಮತ್ತು ಸತ್ತವರ ಮನೆಯವರು ಮುಂದೆ, ಅದು ಮೊದಲ ಸಾಲು. ಯಾವ ಸಂಬಂಧವೂ ಇಲ್ಲದೆ ಬರೀ ಡ್ರಮ್ಮಿನ ಆಸೆಗೆ ಬಂದವರು, ಕೊಡೆ ಹಿಡಿದವರು, ಬಿಯರ್ ಹಿಡಿದವರು ಹಿಂದೆ, ಅದು ಎರಡನೆಯದು. ವರ್ಡೆಲ್ ಬಾಗಿಲಿಗೆ ಬಂದಾಗ ಜನ ಎರಡು ಪಾಲಾದರು. ಕೆಲವರು ನೆಲ ನೋಡಿದರು. ಒಬ್ಬ ಗಂಡಸು ಟೋಪಿಗೆ ಕೈ ಹಾಕಿದವನು ತೆಗೆಯಬೇಕೋ ಬಿಡಬೇಕೋ ತಿಳಿಯದೆ ತಲೆ ಕೆರೆದುಕೊಂಡ. ಹಳದಿ ಕೊಡೆಯ ಹೆಂಗಸೊಬ್ಬಳು ಪಕ್ಕದವಳ ಕಿವಿಗೆ ಏನೋ ಹೇಳಿದಳು, ಪಕ್ಕದವಳು ನಕ್ಕಳು. ವರ್ಡೆಲ್ ಅದನ್ನು ನೋಡಿದಳು.

ಮಿಸ್ ಒಡಾಲೀಯ ದೊಡ್ಡ ಮಗಳು ರೂಢಿಯ ಬಲದಲ್ಲಿ ಅವಳ ಮೊಣಕೈ ಹಿಡಿದು ಮುಂದಕ್ಕೆ ಕರೆದಳು. ಸೆಪ್ಟೀಮ್ ಕೂಡ ತಿರುಗಿ ತನ್ನ ಪಕ್ಕದಲ್ಲಿ ಜಾಗ ತೋರಿಸಿದ.

"ನನಗೆ ಯಾರೂ ಸತ್ತಿಲ್ಲ," ಎಂದಳು ವರ್ಡೆಲ್. ಕೈ ಬಿಡಿಸಿಕೊಂಡು, ಮೆರವಣಿಗೆಯ ಉದ್ದಕ್ಕೂ ನಡೆದು, ಹಿಂದಿನ ಸಾಲಿನಲ್ಲಿ, ಆ ಹಳದಿ ಕೊಡೆಯವಳ ಪಕ್ಕದಲ್ಲಿಯೇ ಹೋಗಿ ನಿಂತಳು.

ಡ್ರಮ್ಮು ವೇಗ ಹಿಡಿಯಿತು, ಜನ ಹೊರಟರು. ನಾನು ಊರಿಗೆಲ್ಲ ಕೇಳುವಂತೆ ಕೊಡೆಗಳ ಬಣ್ಣ ಹೇಳಿದೆ, ಬಿಸಿಲು ಹೇಳಿದೆ, ಒಂದು ನಾಯಿ ಎರಡು ಕಾಲಲ್ಲಿ ಕುಣಿಯಿತೆಂದೂ ಹೇಳಿದೆ. ಅವಳ ವಿಷಯ ಹೇಳಲಿಲ್ಲ, ನೋಡುತ್ತಿದ್ದೆ. ಅವಳು ಕುಣಿಯುತ್ತಿರಲಿಲ್ಲ. ಕೋಟಿನ ಗುಂಡಿಗಳನ್ನೆಲ್ಲ ಬಿಚ್ಚಿ, ಮುಷ್ಟಿ ಬಿಗಿದು, ಸೆಪ್ಟೀಮನ ಪ್ರತಿ ಪೆಟ್ಟಿಗೂ ಯಾರದೋ ಎದೆಯ ಮೇಲೆ ಕಾಲಿಟ್ಟ ಹಾಗೆ ನೆಲವನ್ನು ತುಳಿಯುತ್ತ ನಡೆಯುತ್ತಿದ್ದಳು. ಕ್ಲೇಬೋರ್ನ್ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳ ಒಂದು ಹೆಜ್ಜೆಯೂ ತಾಳ ತಪ್ಪಲಿಲ್ಲ.